ಹ್ಯಾಂಡಲ್ ತೂತು

ಚಿದ್ರಿ ರಸ್ತೆದಾಗ ಯಾಕೂಬ್ ಮಿಸ್ತ್ರಿ ಗ್ಯಾರೇಜು.
ಬೇವಿನ ಗಿಡದ ಕೆಳಗ, ಎಣ್ಣಿ ಕುಡದ ಗೋಣಿಚೀಲದ ಮ್ಯಾಲ
ಮೂರು ಪೆಟ್ರೋಲ್ ಇಂಜಿನ್ ಕುಂತಾವ.
ಬೀದರದ ಬಿಸಲಾಗ ನನ್ನ ಜೀಪು ಬಾನೆಟ್ ತಗದು ನಿಂತದ,
ಹಲ್ಲಿನ ಡಾಕ್ಟರ್ ಮುಂದ ಬಾಯಿ ತೆರದಂಗ.

'ಇದು ಕಾಂಟೆಸ್ಸಾದ್ದು,' ಅಂದ ಯಾಕೂಬ್, 'ಹದಿನೆಂಟುನೂರು ಸೀಸಿ.
ಹೈದರಾಬಾದ್ ರೋಡಿಗೆ ಬಿಡ್ರಿ, ಲಾರಿಯವ್ರು ಸಲಾಂ ಹೊಡೀತಾರ.
ಆದ್ರ ಸಂಪು ಮುಂದಿನ ಆಕ್ಸಲಿಗೆ ಬಡೀತದ,
ಕೊರದು ಬೆಸಗಿ ಹಾಕಬೇಕು.
ಇದು ಜಿಪ್ಸಿದ್ದು. ಹಗೂರ. ಜೋರು ತಿರುಗಿದ್ರ ಕುದುರಿ,
ಸಾವಕಾಶ ಆದ್ರ ಕತ್ತಿ.
ಗೇರಿಗೂ ಇದಕ್ಕೂ ನಡುವ ಒಂದು ಪ್ಲೇಟು ಬೇಕು,
ಲೇಥಿನ ವೈಜಿನಾಥ ಕೂದಲಷ್ಟು ತಪ್ಪಿದ್ರೂ
ಮೂರು ತಿಂಗಳಿಗೆ ಕ್ಲಚ್ಚು ಬೂದಿ.'

ಮೂರನೇದರ ಬಗ್ಗೆ ಅಂವ ಏನೂ ಹೇಳಲಿಲ್ಲ.
ಅದರ ಮ್ಯಾಲ ಚಹಾದ ಕಪ್ಪು ಇಟ್ಟಿದ್ದ.

ನನ್ನ ಕೆಲಸ, ಕರೇಜಿನ ನೀರು ಅಳೆಯೋದು.
ನೌಬಾದದ ಕಡೆ, ಕೆಂಪುಕಲ್ಲಿನ ಹೊಟ್ಟ್ಯಾಗ
ಎಂದೋ ಕೊರದ ಸುರಂಗ, ಅಲ್ಲಲ್ಲಿ ಬಾಯಿ ಬಿಟ್ಟ ಬಾವಿ.
ರಸ್ತಾ ಇಲ್ಲ. ತೊಗರಿ ಹೊಲದ ಬದು, ಹಳ್ಳದ ಉಸುಕು, ಜಾಲಿ ಕಂಟಿ.
ಝರೆಪ್ಪ ಟೇಪು ಬಿಡ್ತಾನ, ನಾ ಬರಕೋತೀನಿ:
ಮೂವತ್ತೊಂದು ಫೂಟು, ಎರಡು ಇಂಚು.

ಒಂಬತ್ತು ವರ್ಷ ಬರದೀನಿ.
ನೀರಿನ ಸಪ್ಪಳ ಒಮ್ಮೆನೂ ಕೇಳಿಲ್ಲ.

ಯಾಕಂದ್ರ ಈ ಡೀಸಲ್ ಮುದುಕನ್ನ ಬಂದ್ ಮಾಡಂಗಿಲ್ಲ.
ಮಾಡಿದ್ರ ಮತ್ತ ಏಳಂಗಿಲ್ಲ.
ಇಳಿಜಾರು ಹುಡುಕಬೇಕು, ಇಲ್ಲಾ ನೂಕಲಿಕ್ಕೆ ನಾಕು ಮಂದಿ ಬೇಕು.
ಹೊಲದ ನಡುವ ನಾಕು ಮಂದಿ ಎಲ್ಲಿ?
ಬಾವಿ ದಂಡ್ಯಾಗ ಅದು ಗುಡಗುಡ ಅಂತಿರತದ,
ಝರೆಪ್ಪ ಒದರತಾನ, ನಾ ಒದರತೀನಿ,
'ಮೂವತ್ತೊಂದು!' 'ಏನು, ಇಪ್ಪತ್ತೊಂದಾ?'
ಆಫೀಸಿನ ಕಡತದಾಗ ಒಂದು ವರ್ಷದ ನೀರು
ಹತ್ತು ಫೂಟು ಮ್ಯಾಲ ಬಂದದ, ಇದೇ ಕಿವುಡಿನಿಂದ.
ಯಾರೂ ಕೇಳಿಲ್ಲ. ನಾನೂ ಹೇಳಿಲ್ಲ.

'ಆ ಮೂರನೇದು?' ಅಂದೆ.
ಯಾಕೂಬ್ ಕಪ್ಪು ತಗದ.
'ಅದಾ? ಹಳೇ ಜೀಪಿಂದೇ, ಹರಿಕೇನ್. ಹೆಸರಿಗಷ್ಟೇ ಬಿರುಗಾಳಿ,
ಏರು ಬಂದ್ರ ಉಸ್ಸಂತದ.
ನಿಮ್ಮ ಪಗಾರ ಕುಡದು ಬಾಯಿ ಒರಸಕೋತದ.
ಗುಜರಿಗೆ ಹಾಕೋದದ.'
ಮಾತಾಡಕೋತನ ಅದರ ಮೂತಿಗೆ ಕಬ್ಬಿಣದ ಹ್ಯಾಂಡಲ್ ಸಿಗಸಿ
ಅರ್ಧ ಸುತ್ತು ಎತ್ತಿದ, ಸುಮ್ಮನ, ಕೈ ತಡೀದಕ್ಕ.
ಒಳಗ ಪಿಸ್ಟನ್ನು ಉಸಿರು ಹಿಡದು ಬಿಟ್ಟದ್ದು ಕೇಳ್ತು.

'ಅವೆರಡಕ್ಕ ಹ್ಯಾಂಡಲ್ ಹತ್ತತದೇನು?'
'ಅವಕ್ಕ ಬ್ಯಾಟರಿನೇ ಗತಿ.'

ನನ್ನ ಜೀಪಿನ ಬಂಪರ್ ನಡುವ ಒಂದು ತೂತದ.
ಯಾಕದ ಅಂತ ಗೊತ್ತಿರಲಿಲ್ಲ. ಕಣಜ ಅಲ್ಲಿ ಮಣ್ಣಿನ ಮನಿ ಕಟ್ಟಿತ್ತು.
ಬೆರಳ ಹಾಕಿ ಕೆರದೆ. ಆರಪಾರ ಬೆಳಕು.

'ಹುಟ್ಟಾ ಪೆಟ್ರೋಲೇ ಇದು,' ಅಂದ ಯಾಕೂಬ್, ಬಗ್ಗಿ ನೋಡಿ.
'ನಡುವ ಯಾರೋ ಡೀಸಲ್ ಹಾಕ್ಯಾರ.
ಬುಕ್ಕಿನ್ಯಾಗೂ ಹಂಗೇ ಅದ. ಆರ್‌ಟಿಓಕ್ಕ ಅರ್ಜಿ ಕೊಡ್ರಿ,
ಬದಲು ಮಾಡಲಿಕ್ಕೆ ಕಾರಣ ಬರೀರಿ.'

ಮೈಲೇಜ್ ಅಂತ ಬರದ್ರ ಸುಳ್ಳು, ಪಿಕಪ್ ಅಂತ ಬರದ್ರ ನಗ್ತಾರ.
'ಬಂದ್ ಮಾಡಲಿಕ್ಕೆ' ಅಂತ ಬರದೆ.
ಯಾಕೂಬ್ ಎರಡು ಸಲ ಓದಿದ.
'ಚಾಲೂ ಮಾಡಲಿಕ್ಕೆ ಅನ್ರಿ,' ಅಂದ,
ಗೀಟು ಹೊಡದು ತಾನೇ ತಿದ್ದಿದ.

ಡೀಸಲ್ ಮುದುಕ ಭಾಲ್ಕಿ ಕಡೆ ಒಂದು ಗಾಣಕ್ಕ ಹೋದ,
ಕಬ್ಬು ಹಿಂಡತಾನಂತ. ಟ್ಯಾಂಕು ಮೂರು ಸಲ ತೊಳದೀವಿ,
ಅವನ ವಾಸನಿ ಇನ್ನೂ ಹೋಗಿಲ್ಲ.

ಮೊನ್ನೆ ನಾಕನೇ ಬಾವಿ ದಂಡ್ಯಾಗ ಚಾವಿ ತಿರುವಿದೆ.
ಝರೆಪ್ಪ ಓಡಿ ಬಂದ, 'ಕೆಟ್ಟಿತೇನ್ರಿ?'
'ಇಲ್ಲಾ!' ಅಂತ ಒದರಿದೆ, ರೂಢಿ.
ನನ್ನ ದನಿ ಬಾವ್ಯಾಗ ಬಿದ್ದು ತೊಯ್ದು ಮ್ಯಾಲ ಬಂತು.
ಅದರ ಹಿಂದ, ಸಣ್ಣಗ,
ಯಾರೋ ಮೊರದಾಗ ಜ್ವಾಳ ಹಸನ ಮಾಡಿದಂಗ.

ಟೇಪು ಕೈಯಾಗ ಹಿಡಕೊಂಡೇ ಕುಂತಿದ್ದ ಝರೆಪ್ಪ.

ಹೊಂಟಾಗ ಐದನೇ ಸುತ್ತಿಗೆ ಇಂಜಿನ್ ಎದ್ದಿತು.
ನಾಕನೇದಕ್ಕ ಹ್ಯಾಂಡಲ್ ತಿರುಗಿ ಒದ್ದಿತ್ತು.
ಹೆಬ್ಬೆರಳು ಒಳಗ ಹಿಡೀಬ್ಯಾಡ್ರಿ ಅಂದಿದ್ದ ಯಾಕೂಬ್, ಮರತಿದ್ದೆ.
ಇನ್ನೂ ನೀಲಿ ಅದ.
ಆ ದಿನದ ಅಂಕಿ ಎಡಗೈಲೆ ಬರದೀನಿ.