ಹೆಬ್ಬೆಟ್ಟು

ಹನ್ನೊಂದಕ್ಕೆ ಸಭೆ ಎಂದು ಬರೆದವರು
ದಿಲ್ಲಿಯಲ್ಲಿ ಕೂತು ಬರೆದಿದ್ದರು.
ಅಘನಾಶಿನಿಗೆ ಅಂದು ಹನ್ನೊಂದಕ್ಕೇ ಇಳಿತ.
ಬಳಚು ಹೆಕ್ಕುವವರೆಲ್ಲ ಸೊಂಟಮಟ್ಟ ನೀರಲ್ಲಿ.
ಸಭೆಗೆ ಬಂದವರು ಒಡ್ಡಿನ ಗುತ್ತಿಗೆದಾರ,
ಸಂಘದ ಕಾರ್ಯದರ್ಶಿ,
ಬಿಸ್ಕೀಟಿನ ಆಸೆಗೆ ಮೂರು ಮಕ್ಕಳು.

ನಾನು ದುಭಾಷಿ. ಕುಮಟೆಯ ಟೈಪಿಂಗ್ ಶಾಲೆಯವಳು,
ಮೂರು ದಿನಕ್ಕೆ ಗೊತ್ತು ಮಾಡಿದ ನಾಲಗೆ.
ಮೌಲ್ಯಮಾಪನಕ್ಕೆ ಬಂದವರು ಒಕೆಲೊ, ಕೀನ್ಯಾದವರು,
ಕೈಯಲ್ಲಿ ನಲವತ್ತು ಹಾಳೆಯ ಚೌಕಟ್ಟು:
ನಾಲ್ಕು ದೇಶ ಸೇರಿ ಇಟ್ಟ ವಿಶ್ವಸ್ತ ನಿಧಿ,
ಐದು ವರ್ಷ, ಹನ್ನೊಂದು ಸಂಸ್ಥೆಗಳ ಪಾಲುದಾರಿಕೆ,
ಬಳಚಿನ ಮಾಂಸ ಇಡಲು ಒಂದು ತಂಪುಕೋಣೆ,
ಕಾಂಡ್ಲ ಗಿಡ ಎಂಬತ್ತು ಸಾವಿರ.

ಹೊತ್ತು ಇಳಿದು ನೀರು ಏರಿದ ಮೇಲೆ
ಸೋಮಿ ಅಂಬಿಗ ಬಂದಳು,
ಬುಟ್ಟಿಯಿಂದ ಇನ್ನೂ ಹೊಳೆ ಸೋರುತ್ತಿತ್ತು.
ನಿಧಿ ಅಂದ್ರೆ ಎಂತದ್ರಾ? ಎಂದಳು.
ನಮ್ಮ ಅಜ್ಜಿ ಹೇಳ್ತಿತ್ತು, ನಿಧಿ ಇದ್ದಲ್ಲಿ ಸರ್ಪ ಇರ್ತದೆ ಅಂತ.
ಇದ್ಕೆ ಕಾವಲು ಯಾರು?
ನಾನು ಇಂಗ್ಲಿಷಿನಲ್ಲಿ ಹೇಳಿದ್ದು:
ಆಡಳಿತ ವ್ಯವಸ್ಥೆಯ ಕುರಿತು ಅವರಿಗೆ ಪ್ರಶ್ನೆಗಳಿವೆ.

ಪಾಲುದಾರಿಕೆ ಎಂದೆ. ಅದು ಕೂಡಲೇ ಗೊತ್ತಾಯಿತು ಅವಳಿಗೆ.
ದೋಣಿಗೊಂದು ಪಾಲು, ಬಲೆಗೊಂದು, ಎಳೆದವರಿಗೆ ಉಳಿದದ್ದು;
ಬಲೆ ಹರಿದರೆ ಹರಿದದ್ದರಲ್ಲೂ ಪಾಲು.
ಆಚೆ ವರ್ಷ ಒಡ್ಡು ಒಡೆದು ಗಜನಿಗೆ ಉಪ್ಪು ನುಗ್ತಲ್ಲ,
ಆ ನಾಲ್ಕು ದೇಶ ಎಷ್ಟು ಪಾಲು ಹೊತ್ಕಂಡ್ವು?
ಇದನ್ನು ಹೇಗೆ ದಾಟಿಸಿದೆನೋ ನೆನಪಿಲ್ಲ.
ಒಕೆಲೊ ಪೆನ್ನು ಎತ್ತಿದರು. ಬರೆಯಲಿಲ್ಲ.

ತಂಪುಕೋಣೆಗೆ ಬೀಗ. ಕರೆಂಟಿನ ಬಾಕಿ ಯಾರದೆಂದು
ಹನ್ನೊಂದು ಸಂಸ್ಥೆಗಳ ನಡುವೆ ಇನ್ನೂ ಪತ್ರ ಓಡಾಡುತ್ತಿದೆ.
ನೆರಳು ಮಾತ್ರ ಬಳಕೆಯಲ್ಲಿದೆ: ಮಧ್ಯಾಹ್ನ ಎರಡರ ಮೇಲೆ
ಅದರ ಗೋಡೆಗೆ ಒರಗಿ ಬಳಚು ಬಿಡಿಸುತ್ತಾರೆ.
ಗಿಡ ಎಣಿಸಿದೆವು, ಮೊಣಕಾಲುದ್ದ ಕೆಸರಲ್ಲಿ, ಇನ್ನೂರರವರೆಗೆ.
ಆಮೇಲೆ ಅವರ ಒಂದು ಬೂಟು
ಹೊಳೆಯ ಪಾಲಾಯಿತು.

ಕಡತದಲ್ಲಿ ಹಾಜರಿ ಪಟ್ಟಿ. ಸಾಲು ಸಾಲು ಹೆಬ್ಬೆಟ್ಟು,
ನೇರಳೆ ಮಸಿ, ಗೆರೆ ಗೆರೆ ಎದ್ದು ಕಾಣುವಂಥವು,
ಮುನ್ನೂರ ಹನ್ನೆರಡು ಫಲಾನುಭವಿಗಳು.
ಸೋಮಿ ಬಗ್ಗಿ ನೋಡಿದಳು ಬಹಳ ಹೊತ್ತು,
ಮತ್ತೆ ತನ್ನ ಬೆರಳನ್ನೇ ಎತ್ತಿ ಹಿಡಿದಳು.
ನಮ್ಮಲ್ಲಿ ಯಾರ ಬೆಟ್ಟಲ್ಲೂ ಗೆರೆ ಇಲ್ರಾ,
ಚಿಪ್ಪು ಸವೆಸಿ ಹಾಕದೆ.
ಸಂಘದ ಕಾರ್ಯದರ್ಶಿ ಚಹಾ ತರಿಸಲು ಎದ್ದರು.

ಏನಾದರೂ ಉಪಕಾರ ಆಯಿತೇ, ಕೇಳಿ, ಎಂದರು ಒಕೆಲೊ.
ಅವರ ದನಿ ದಣಿದಿತ್ತು.
ಅವಳು ಮನೆಗೆ ಹೋಗಿ ಹಳೇ ಸೀರೆಯಲ್ಲಿ ಸುತ್ತಿದ್ದು ತಂದಳು,
ಅಂಕಿ ಮಿನುಗುವ ತೂಕದ ಯಂತ್ರ.
ಯಾವುದೋ ತರಬೇತಿಯಲ್ಲಿ ಉಳಿದ ಚಹಾದ ದುಡ್ಡಿಗೆ
ಒಬ್ಬ ಎಳೇ ಹುಡುಗ ಕೊಡಿಸಿ ಹೋದದ್ದು,
ಯಾವ ಬಜೆಟ್ಟಿನಲ್ಲೂ ಇಲ್ಲದ್ದು.
ಮೊದ್ಲು ಏಜೆಂಟನ ತಕ್ಕಡಿಲಿ, ಕಲ್ಲಿನ ಬದಿಗೆ,
ಅವ್ನ ಹೆಬ್ಬೆಟ್ಟೂ ಕೂತು ತೂಗ್ತಿತ್ತು.
ಈಗ ನಾವೇ ತೂಗಿ ತಕಂಡು ಹೋಗೂದು.

ಮೂರು ದಿನದಲ್ಲಿ ಮೊದಲ ಸಲ ಅವರು ನಕ್ಕರು.
ನನ್ನ ತಾಯಿ ಸರೋವರದ ದಡದಲ್ಲಿ ಮೀನು ಮಾರುತ್ತಿದ್ದಳು,
ಆ ಬೆರಳು ನನಗೆ ಗೊತ್ತು ಎಂದರು.
ಇದೊಂದನ್ನು ಮಾತ್ರ
ಏನೂ ಸೇರಿಸದೆ, ಏನೂ ಬಿಡದೆ ಹೇಳಿದೆ.

ಚೌಕಟ್ಟಿನಲ್ಲಿ ಅದಕ್ಕೆ ಚೌಕವಿರಲಿಲ್ಲ.
ವರದಿಯಲ್ಲಿ ಅದು
ಆರನೇ ಅನುಬಂಧದ ಅಡಿಟಿಪ್ಪಣಿ.

ಸೋಮಿ ಯಂತ್ರವನ್ನು ಸೀರೆಗೆ ಸುತ್ತುವ ಮೊದಲು
ಮೇಜಿನ ಮೇಲಿನ ಆ ನಲವತ್ತು ಹಾಳೆ ಎತ್ತಿ ಅದರ ಮೇಲಿಟ್ಟಳು.
ಇನ್ನೂರ ಹದಿನೆಂಟು ಗ್ರಾಂ.
ಕೆಸರಿಗೆ ಬಿದ್ದದ್ದಲ್ರಾ ಎಂದಳು,
ನೀರಿಗೆ ಇಪ್ಪತ್ತು ಕಳೀರಿ.