ಹಳದಿ, ಅಡ್ಡ ತಿರುಗಿಸಿದರೆ ನೀಲಿ

ನೂರೋವಾನ ಮೊಣಕಾಲಿಂದ ತೆಗೆದದ್ದು
ನಾಲ್ಕು ಮಿಲಿಲೀಟರ್,
ಅಕ್ಕಿ ತೊಳೆದ ನೀರಿನಂತೆ ಮಬ್ಬು.
ಒಂದು ಹನಿ ಗಾಜಿನ ಮೇಲಿಟ್ಟು
ಮೇಲೊಂದು ತೆಳುಗಾಜು ಮುಚ್ಚಿ
ಸೂಕ್ಷ್ಮದರ್ಶಕದ ದೀಪ ಹಚ್ಚಿದೆ.

ಕೆನ್ನೇರಳೆ ಬಯಲ ತುಂಬ ಸೂಜಿ.
ಅಕ್ಷದ ಗುಂಟ ಮಲಗಿದ್ದು ಹಳದಿ.
ತಟ್ಟೆಯನ್ನು ಕಾಲು ಸುತ್ತು ತಿರುಗಿಸಿದೆ,
ಅದೇ ಸೂಜಿ ನೀಲಿ.
ಒಂದು ಬಿಳಿ ರಕ್ತಕಣ
ತನಗಿಂತ ಉದ್ದದ್ದನ್ನು ನುಂಗಿ
ಆಚೆಗೊಂದು ಈಚೆಗೊಂದು ತುದಿ ಚಾಚಿಕೊಂಡು ಕೂತಿತ್ತು,
ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕ ಬೆಕ್ಕು.

ಚೆಂದ, ಅಂದುಕೊಂಡೆ.
ಹದಿನಾರು ವರ್ಷದಿಂದ ಹಾಗೇ ಅಂದುಕೊಳ್ಳುತ್ತಿದ್ದೇನೆ,
ಯಾರಿಗೂ ಹೇಳಿಲ್ಲ.
ಹೊದಿಕೆಯ ಅಂಚು ತಾಕಿದರೂ ಚೀರುವವರ ಮುಂದೆ
ಆಡುವ ಮಾತಲ್ಲ ಅದು.

ಸಂಶೋಧನೆಯ ಒಪ್ಪಿಗೆ ಪತ್ರದಲ್ಲಿ ಏಳನೇ ಪ್ರಶ್ನೆ:
ಉಳಿದದ್ದನ್ನು ಏನು ಮಾಡೋಣ?
ಇಟ್ಟುಕೊಳ್ಳಬಹುದೆ,
ಹಿರಿಯರಿಂದ ಕರಕಿಯಾ ಹೇಳಿಸಿ ಬೀಳ್ಕೊಡಬೇಕೆ,
ಮರಳಿ ನಿಮಗೇ ಕೊಡಬೇಕೆ?
ಯಾವ ಚೌಕಕ್ಕೂ ಗುರುತು ಹಾಕದೆ
ಅಂಚಿನಲ್ಲಿ ಬರೆದಿದ್ದ:
ಮೊದಲು ನೋಡಬೇಕು.

ಬಂದ. ಒಂಟಿ ಊರುಗೋಲು,
ಆಕ್ಲೆಂಡ್ ವಿಮಾನ ನಿಲ್ದಾಣದ ಕಿತ್ತಳೆ ಜಾಕೀಟು,
ಎಡಗಾಲಿಗೆ ಬೂಟು, ಬಲಗಾಲಿಗೆ ಹವಾಯಿ ಚಪ್ಪಲಿ.
ದಿನಕ್ಕೆ ಐನೂರು ಪೆಟ್ಟಿಗೆ ಎತ್ತಿ ಇಳಿಸುವವನು
ಒಂದು ಸ್ಟೂಲು ಹತ್ತಲು ನನ್ನ ಹೆಗಲು ಹಿಡಿದ.

ಬಹಳ ಹೊತ್ತು ನೋಡಿದ.
"ಮಂಗಾಯಾದಲ್ಲಿ ನನ್ನಜ್ಜಿ
ಮಳೆ ಬಿಟ್ಟ ಮೇಲೆ ಪೊದೆಯಲ್ಲಿ ಹುಡುಕಿ ತಂದ
ಹಳದಿ ಚಿಪ್ಪುಗಳನ್ನು ಚುಚ್ಚಿ ಸರ ಪೋಣಿಸುತ್ತಿದ್ದಳು.
ಅವಳ ಸೂಜಿ ಇಂಥದೇ."
ಕಣ್ಣು ಎತ್ತದೆ ಕೇಳಿದ:
"ಎಲ್ಲರಲ್ಲೂ ಇವೇ ಇರುತ್ತವೆಯೆ?"

ಹೆಸರು ಮರೆಮಾಡಿ ಇನ್ನೊಂದು ಗಾಜು ಇಟ್ಟೆ.
ಎಂಬತ್ತಾರರ ಮುದುಕಿ,
ಒಂಬತ್ತು ವರ್ಷ ಗೌಟ್ ಎಂದೇ ಮಾತ್ರೆ ನುಂಗಿದ್ದಳು.
ಇಲ್ಲಿ ಸೂಜಿಯೇ ಇಲ್ಲ. ಮೊಂಡು, ಓರೆ ಇಟ್ಟಿಗೆಗಳು,
ಬಣ್ಣವೂ ಸಂಕೋಚದ್ದು, ತಿರುವಿದರೆ ಉಲ್ಟಾ:
ಹಳದಿಯಿರಬೇಕಾದಲ್ಲಿ ನೀಲಿ.
ಇದು ಕ್ಯಾಲ್ಸಿಯಂನ ಕುಲ. ನೋವು ಮಾತ್ರ ಅದೇ ಮನೆಯದು.

"ಹಾಗಾದರೆ ನನ್ನವು ಬಿಯರಿನವು."

ನಾನು ವೈದ್ಯೆಯಲ್ಲ. ಗೊತ್ತಿದ್ದಷ್ಟು ಹೇಳಿದೆ.
ಮೂತ್ರಪಿಂಡದಲ್ಲಿ ಯೂರೇಟ್ ಹೊರಗೆ ಹೋಗುವ ಬಾಗಿಲಿದೆ,
ಕೆಲವರ ಮನೆತನದಲ್ಲಿ ಅದರ ಅಗುಳಿ ಬಿಗಿ,
ಹುಟ್ಟುವಾಗಲೇ ಬಿಗಿ.
ದ್ವೀಪದಿಂದ ದ್ವೀಪಕ್ಕೆ ಹುಟ್ಟು ಹಾಕಿ ಬಂದವರಲ್ಲಿ
ಯಾರೋ ರಕ್ತದಲ್ಲಿ ತಂದದ್ದು.
ನನ್ನವರೂ ಆ ದೋಣಿಗಳಲ್ಲೇ ಬಂದವರು.
ಬಿಯರು ಒಂದೆರಡು ಸೌದೆ ಒಟ್ಟೀತು,
ಒಲೆ ಹೂಡಿದ್ದು ಅದಲ್ಲ.

ಸೆಂಟ್ರಿಫ್ಯೂಜ್ ತಿರುಗಿ ನಿಂತಿತು.
ನಾನು ಮುಚ್ಚಳ ತೆಗೆಯಲಿಲ್ಲ.

"ನನ್ನಪ್ಪ ಹನ್ನೊಂದು ವರ್ಷ ಕುಡಿಯಲಿಲ್ಲ.
ಹಂದಿ ಬಿಟ್ಟ, ಮೀನು ಬಿಟ್ಟ,
ನನ್ನ ಮದುವೆಯಲ್ಲಿ ಬರೀ ಟಾರೋ ತಿಂದ.
ಭಾನುವಾರ ಚರ್ಚಿನ ಮೆಟ್ಟಿಲಲ್ಲಿ ಅವನು ಕುಂಟಿದಾಗ
ಜನ ಕೇಳುತ್ತಿದ್ದರು: ರಾತ್ರಿ ಎಷ್ಟು ಬಾಟಲಿ?
ನಾನೂ ನಕ್ಕಿದ್ದೆ."

ಆಮೇಲೆ ಪತ್ರ ಕೇಳಿದ, ಪೆನ್ನು ಕೇಳಿದ.
"ಅರ್ಧ ಇಟ್ಟುಕೊಳ್ಳಿ.
ನನ್ನ ಮಗ ಇನ್ನೂ ರಗ್ಬಿ ಆಡುತ್ತಾನೆ.
ಅರ್ಧ ಕೊಡಿ."

ಒಂದೂವರೆ ಮಿಲಿಲೀಟರ್, ಬಿಗಿ ಮುಚ್ಚಳ.
ಮುದುಕರು ಬಂದು ಕರಕಿಯಾ ಹೇಳಿದರು,
ನಡುವೆ ಕೆಮ್ಮಿ ಮತ್ತೆ ಮೊದಲಿಂದ ಹೇಳಿದರು.
ಕೊಳವೆಯನ್ನು ಊಟದ ಡಬ್ಬಿಯಲ್ಲಿಟ್ಟು
ಊರುಗೋಲು ಬಗಲಿಗೆ ಸಿಕ್ಕಿಸಿದ.

ಕಿಟಕಿಯಿಂದ ಕಂಡಿತು:
ಮನೆಯ ಕಡೆಯ ಬಸ್ಸು ಬಂತು, ಅವನು ಹತ್ತಲಿಲ್ಲ.
ರಸ್ತೆ ದಾಟಿ ನಿಂತ,
ಸ್ಮಶಾನದ ಕಡೆ ಹೋಗುವುದಕ್ಕೆ.