ಮೂವತ್ತೇಳರಲ್ಲಿ ಒಂದು

ಮೊದಲೇ ಹೇಳಿಬಿಡುತ್ತೇನೆ: ಈ ಎಣಿಕೆಯಲ್ಲಿ ನಾನಿಲ್ಲ.
ಅಪ್ಪನಿಂದ ಮಗನಿಗೆ, ಮಗನಿಂದ ಅವನ ಮಗನಿಗೆ
ಗಂಡಸರಷ್ಟೇ ದಾಟಿಸುವ ಬೀಗದ ಕೈ ಅದು.
ನಾನು ಡಾರ್ಕಸ್, ಬ್ಲಾಗ್ಡನ್ ಮನೆಯಲ್ಲಿ ಉಳಿದವಳು.
ತಮ್ಮನನ್ನು ಕಡಲು ತಿಂದು ಮೂವತ್ತು ವರ್ಷ.

ಹಾಗಾಗಿ ಎಂಜಲು ಬೇಡಲು ಹೊರಟೆ.
ಆಲ್ಬರ್ಟಾದ ಎಣ್ಣೆಮರಳಿನಲ್ಲಿ ಲಾರಿ ಓಡಿಸುವ
ದೊಡ್ಡಪ್ಪನ ಮಗ ಎಲಿಯೇಜರನಿಗೆ ಅಂಚೆಯಲ್ಲಿ ಕಳಿಸಿದೆ
ಎರಡು ಹತ್ತಿಕಡ್ಡಿ, ಒಂದು ಜೊತೆ ಕೈಗವಸು.
ಕೆನ್ನೆಯೊಳಗೆ ಉಜ್ಜು, ಕಾಫಿ ಕುಡಿಯುವ ಮುಂಚೆ.
ಕೈಗವಸು ಬಿಗಿ ಅಂತ ಬರೆದ.
ಕಡ್ಡಿಯ ಸುದ್ದಿ ಎತ್ತಲೇ ಇಲ್ಲ.

ಆರು ವಾರಕ್ಕೆ ಬಂತು ಅಂಕಿಗಳ ಸಾಲು:
ಹದಿಮೂರು, ಇಪ್ಪತ್ತನಾಲ್ಕು, ಹದಿನಾಲ್ಕು, ಹನ್ನೊಂದು.
ಹೆಣಿಗೆಯ ಲೆಕ್ಕದಂತೆ ಬೆರಳಿಟ್ಟು ಓದಿದೆ,
ಎರಡು ಸೀದಾ, ಎರಡು ಉಲ್ಟಾ.
ಮೊದಲ ಹನ್ನೆರಡು ಗುರುತು ಹೊಂದಿದರೆ
ಹಿಗ್ಗಬೇಡಿ, ಹಾಗೆ ನೋಡಿದರೆ ಅರ್ಧ ಯುರೋಪೇ ನೆಂಟ.
ಮೂವತ್ತೇಳರವರೆಗೂ ಜೊತೆಗೆ ನಡೆದುಬಂದವನು ಮಾತ್ರ
ಒಂದು ಬಾಗಿಲಿಂದ ಹೊರಟವನು.

ಡಾರ್ಸೆಟ್ಟಿನಲ್ಲಿ ನಮ್ಮದೇ ಹೆಸರಿನ ಹನ್ನೊಂದು ಮಂದಿ,
ಇಪ್ಪತ್ತು ವರ್ಷ ಕ್ರಿಸ್‌ಮಸ್ ಕಾರ್ಡು ಕಳಿಸಿದ್ದೇನೆ,
ಅವರ ಮೊಮ್ಮಕ್ಕಳ ಹುಟ್ಟುಹಬ್ಬ ನನಗೆ ಬಾಯಿಪಾಠ.
ಇಪ್ಪತ್ತೆರಡು ಕಡೆ ಬೇರೆ. ಒಬ್ಬನೂ ನಮ್ಮವನಲ್ಲ.
ಹೊಂದಿದ್ದು ಒಬ್ಬನೇ.
ಮೂವತ್ತಾರು ಸರಿ, ಒಂದು ತಪ್ಪು.
ಎಪ್ಪತ್ತು ತುಂಬಿದಾಗ ಮೊಮ್ಮಗಳು ಮಾಡಿಸಿದ ಪರೀಕ್ಷೆಯಂತೆ.
ಲಿಯಾಂಡರ್ ಸ್ನೂಕ್.

ನಮ್ಮ ಅಡುಗೆಮನೆ ಕಿಟಕಿಗೆ ಕಾಣುವ ಹಳದಿ ಮನೆ.
ದೋಣಿ ಕಟ್ಟುವ ಒಂದು ಬಂಡೆಗೆ,
ಕಾಡ್ ಮೀನು ಒಣಗಿಸುವ ಹನ್ನೆರಡು ಅಡಿ ಅಟ್ಟಕ್ಕೆ
ನೂರು ವರ್ಷ ಮಾತು ಬಿಟ್ಟವರು ನಾವು.
ಅವರ ನಾಯಿಗೂ ನಮ್ಮ ನಾಯಿಗೂ ಆಗದು.
ಹಗೆ ಅಂದುಕೊಂಡಿದ್ದೆವಲ್ಲ ಇಷ್ಟು ದಿನ,
ದಾಯಾದಿಗಳಂತೆ!

ಅಂಕಿ ಹೇಳುವುದು ಇಷ್ಟೇ: ಎಲ್ಲೋ ಒಬ್ಬ ತಂದೆ.
ಯಾರು, ಹೇಳದು. ಯಾವ ರಾತ್ರಿ, ಹೇಳದು.
ಅವಳು ಒಪ್ಪಿದಳೋ ಇಲ್ಲವೋ,
ಅದಕ್ಕೆ ಗುರುತಿನ ಸಂಖ್ಯೆಯೇ ಇಲ್ಲ.

ಇಗರ್ಜಿಯ ಪುಸ್ತಕ ತೆಗೆದೆ.
ಜೋಬ್ ಬ್ಲಾಗ್ಡನ್ ಮಂಜಿನಲ್ಲಿ ದೋಣಿ ಸಮೇತ ಹೋದದ್ದು
ಸಾವಿರದ ಎಂಟುನೂರ ಎಪ್ಪತ್ತು, ಮಾರ್ಚ್.
ಮಗ ಅಜರಾಯ ಹುಟ್ಟಿದ್ದು ಮುಂದಿನ ಮಾರ್ಚ್.
ಎರಡೂ ಒಂದೇ ಕೈಬರಹ, ಒಂದೇ ಶಾಯಿ.
ಪಾದ್ರಿ ಬೆರಳು ಮಡಿಸಲಿಲ್ಲ.

ಸೆಲೀನಾ, ನನ್ನ ಮುತ್ತಜ್ಜನ ತಾಯಿ,
ಐದು ಮಕ್ಕಳು, ಹೆಪ್ಪುಗಟ್ಟಿದ ಕೊಲ್ಲಿ,
ಗಂಡನಿಲ್ಲದವಳಿಗೆ ಸಾಲವಿಲ್ಲ ಎಂದು
ಹಿಟ್ಟಿನ ಖಾತೆ ಮುಚ್ಚಿದ ಸಾಹುಕಾರ.
ಮಂಜುಗಡ್ಡೆಯ ಮೇಲೆ ಒಂದು ಲಾಂದ್ರ ನಡೆದುಬಂದಿರಬೇಕು.
ಹಿಟ್ಟು ತಂದಿತೋ, ಹಿಟ್ಟಿಗೆ ಬೆಲೆ ಕೇಳಿತೋ.
ಇಲ್ಲಿಂದ ಮುಂದೆ ನಾನು ಎಣಿಸುವುದಿಲ್ಲ.

ಆ ಒಂದು ತಪ್ಪಿನ ಮೇಲೆ ಮಾತ್ರ ನನಗೆ ಅಕ್ಕರೆ.
ಖಾತೆಯ ಪ್ರತಿ ತೆಗೆಯುವ ಗುಮಾಸ್ತ ತೂಕಡಿಸಿ
ಹದಿನೇಳು ಹದಿನೆಂಟಾದ ಹಾಗೆ;
ಆಮೇಲೆ ಬಂದವರೆಲ್ಲ ನಂಬಿಕೆಯಿಂದ
ತಪ್ಪನ್ನೇ ತಪ್ಪಿಲ್ಲದೆ ನಕಲಿಳಿಸಿದ ಹಾಗೆ.

ಕಾಗದ ಮಡಿಸಿ ಹಳದಿ ಮನೆಗೆ ಹೋದೆ.
ಆ ಹೊಸ್ತಿಲು ಇಷ್ಟು ತಗ್ಗು ಅಂತ ಗೊತ್ತಿರಲಿಲ್ಲ.
ಲಿಯಾಂಡರ್ ಕನ್ನಡಕ ಹಾಕಿದ, ತೆಗೆದ, ಮತ್ತೆ ಹಾಕಿದ.
"ಹಾಗಾದರೆ ಬಂಡೆ ಯಾರದು?"
ಆಮೇಲೆ ದನಿ ತಗ್ಗಿಸಿ, "ಅಮ್ಮನಿಗೆ ಹೇಳಬೇಡ."

ಒಲೆಯ ಪಕ್ಕ ಟ್ರೈಫೀನಾ, ತೊಂಬತ್ಮೂರು,
ಆಲೂಗಡ್ಡೆ ಹೆರೆಯುತ್ತ ತಲೆ ಎತ್ತಲಿಲ್ಲ.
"ನಾನು ಮದುವೆಯಾಗಿ ಬಂದ ವಾರವೇ ಅತ್ತೆ ಅಂದಿದ್ದಳು,
ಆ ಮನೆಯ ಗಂಡಸರ ಕಿವಿ ನೋಡು,
ಆಮೇಲೆ ಬೇಕಾದರೆ ಜಗಳಕ್ಕೆ ಹೋಗು."

"ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ಕೇಳಿದ್ದು ಯಾರು?"
ಸಿಪ್ಪೆ ಸುರುಳಿಯಾಗಿ ಇಳಿಯಿತು, ತುಂಡಾಗದೆ.
ಇನ್ನೊಂದು ಚಾಕು ನನ್ನ ಕಡೆ ಸರಿಸಿದಳು.

ಲಿಯಾಂಡರ್ ಮೆಲ್ಲಗೆ ತನ್ನ ಕಿವಿ ಮುಟ್ಟಿಕೊಂಡ.
ಹೊರಗೆ ಎರಡೂ ನಾಯಿ
ಬೊಗಳುತ್ತಲೇ ಇದ್ದವು.